ಕೃಷಿಹೊಂಡಕ್ಕೆ ಬಿದ್ದ ಗೂಳಿಕಪ್ಪೆಗೆ ಮೇಲೇರುವ ದಾರಿ

ಹಾವೇರಿ, ಗದಗ ಭಾಗದ ಹೊಲಗಳಲ್ಲಿ ಬೇಸಿಗೆಯುದ್ದಕ್ಕೂ ಮಣ್ಣೊಳಗೆ ಅಡಗಿದ್ದ ಗೂಳಿಕಪ್ಪೆ, ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದೊಡನೆ ನಿಂತ ನೀರನ್ನು ಅರಸಿಕೊಂಡು ಹೊರಡುತ್ತದೆ. 15 ಸೆಂಟಿಮೀಟರ್‌ಗೂ ಮೀರಿ ಬೆಳೆಯಬಲ್ಲ ಈ ಕಪ್ಪೆಯ ಗಂಡು ಆಗ ಅರಿಸಿನ ಬಳಿದಂತೆ ಹಳದಿಯಾಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ತಾಡಪತ್ರಿ ಹಾಸಿದ ಹೊಂಡಕ್ಕೆ ಅದು ಇಳಿದರೆ ಮಾತ್ರ ಕಷ್ಟ. ಮರಗಪ್ಪೆಗಿರುವಂತೆ ಬೆರಳ ತುದಿಯಲ್ಲಿ ಅಂಟುಬಿಲ್ಲೆಗಳಿಲ್ಲದ ಕಾರಣ, ಪಾಚಿಗಟ್ಟಿದ ಇಳಿಜಾರನ್ನು ಎರಡು ಗೇಣು ಏರಿ ಮತ್ತೆ ಜಾರುತ್ತ, ಕೊನೆಗೆ ದಣಿದು ಸಾಯುತ್ತದೆ.

ಆದ್ದರಿಂದ ರೋಹಿಣಿ ಮಳೆಗೆ ಮೊದಲೇ ಹೊಂಡದ ನಾಲ್ಕೂ ಮೂಲೆಗಳಲ್ಲಿ ಏರುದಾರಿ ಮಾಡಿಡಬೇಕು. ಹಳೆಯ ಸೆಣಬಿನ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಮೇಲಿನ ತುದಿಯನ್ನು ತಾಡಪತ್ರಿಯ ಅಂಚಿನಾಚೆ ಗೂಟಕ್ಕೆ ಬಿಗಿದು, ಕೆಳತುದಿಗೆ ಮಣ್ಣು ತುಂಬಿದ ಚಿಕ್ಕ ಚೀಲ ಕಟ್ಟಿ ಹೊಂಡದ ತಳದವರೆಗೂ ಇಳಿಬಿಡಬೇಕು. ನೀರು ತಗ್ಗಿದಾಗಲೂ ದಾರಿ ಸಿಗಬೇಕಲ್ಲವೇ? ಭಾರಕ್ಕೆಂದು ಚೂಪುಗಲ್ಲು ಕಟ್ಟಿದರೆ ತಾಡಪತ್ರಿ ಹರಿಯುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಜಾರುವುದರಿಂದ ಉಪಯೋಗಕ್ಕೆ ಬಾರದು. ಸೆಣಬು ನೀರಿನಲ್ಲಿ ಕೊಳೆಯುವುದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು. ತೆಂಗಿನ ನಾರಿನ ಹಾಸು ಇನ್ನಷ್ಟು ಬಾಳುತ್ತದೆ. ಹೊಂಡದ ಸುತ್ತ ಜಾಳಿಗೆಯ ಬೇಲಿಯಿದ್ದರೆ, ಏರುದಾರಿ ಮುಗಿಯುವಲ್ಲಿ ಅದರ ಬುಡದಲ್ಲಿ ಕಪ್ಪೆ ನುಸುಳುವಷ್ಟು ಸಂದು ಬಿಡಬೇಕು.

ಮೊಟ್ಟೆಯಿಡಲು ಈ ಕಪ್ಪೆಗೆ ಬೇಕಾದದ್ದು ಆಳವಾದ ಹೊಂಡವಲ್ಲ, ಮಳೆಗೆ ತುಂಬಿದ ತಗ್ಗು. ಹೊಲದ ಮೂಲೆಯಲ್ಲಿ ಅಂಥದ್ದಿದ್ದರೆ ಗೊದಮೊಟ್ಟೆಗಳು ಕಾಲು ಮೂಡಿ ದಡ ಹತ್ತುವವರೆಗೆ ಮುಚ್ಚಬೇಡಿ. ಗೋವಿನಜೋಳಕ್ಕೋ ಹತ್ತಿಗೋ ಔಷಧ ಹೊಡೆದ ಪಂಪನ್ನು ಅಲ್ಲಿ ತೊಳೆಯಲೇಬೇಡಿ. ಕಪ್ಪೆಯ ಚರ್ಮ ನೀರನ್ನು ಹೀರುವಂತೆ ವಿಷವನ್ನೂ ಹೀರುತ್ತದೆ. ಕಾಲಿನ ಮಾಂಸಕ್ಕಾಗಿ ವಿದೇಶಕ್ಕೆ ಹೋಗುತ್ತಿದ್ದ ಈ ಕಪ್ಪೆಗಳ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿತು, ಆದರೆ ಹೊಲದೊಳಗಿನ ಕಾವಲು ರೈತರಾದ ನಮ್ಮದೇ.

ಪ್ರೀತಿಯಿಂದಲೇ ಆದರೂ ಮೊಟ್ಟೆ, ಗೊದಮೊಟ್ಟೆಗಳನ್ನು ಬೇರೆ ಕೆರೆಗೆ ಒಯ್ದು ಬಿಡಬಾರದು. ಇದರ ಗೊದಮೊಟ್ಟೆಗಳು ಬೇರೆ ಕಪ್ಪೆಗಳ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಮನುಷ್ಯರ ಮೂಲಕ ಅಂಡಮಾನಿಗೆ ಸೇರಿದ ಗೂಳಿಕಪ್ಪೆ ಅಲ್ಲಿನ ಜೀವಿಗಳಿಗೆ ಕಂಟಕವಾಗಿದೆ.

ಮಳೆಯಾದ ಮರುದಿನ ಬೆಳಿಗ್ಗೆ ಹೊಂಡವನ್ನು ಒಮ್ಮೆ ಸುತ್ತಿ ನೋಡಿ. ದಣಿದ ಕಪ್ಪೆ ಕಂಡರೆ ದಡದಲ್ಲೇ ನಿಂತು ಉದ್ದ ಹಿಡಿಕೆಯ ಬಲೆಯಿಂದ ಎತ್ತಿ, ಔಷಧ, ಸಾಬೂನು ಸೋಂಕದ ಒದ್ದೆ ಕೈಯಿಂದ ಹಿಡಿದು, ಅದೇ ಹೊಲದ ಬದುವಿನ ಹುಲ್ಲು ನೆರಳಿನಲ್ಲಿ ಬಿಡಿ.