ಸೂರಿನ ಮಳೆನೀರಿನ ದೋಣಿಗೆ ಉಜ್ಜುತ್ತಿದ್ದ ಸರ್ವಿಸ್ ವೈರ್ ಸರಿಯಾದದ್ದು ಹೀಗೆ

ಸೂರಿಗೆ ಮಳೆನೀರಿನ ತಗಡಿನ ದೋಣಿ ಹಾಕಿಸಿದ ಮೇಲೆ ಒಂದು ತಪ್ಪು ಕಣ್ಣಿಗೆ ಬಿತ್ತು. ಕಂಬದಿಂದ ಬರುವ ಸರ್ವಿಸ್ ವೈರ್ ದೋಣಿಯ ಅಂಚಿಗೆ ತಾಗಿಕೊಂಡೇ ಇತ್ತು. ಗಾಳಿಗೆ ಉಜ್ಜಿ ಉಜ್ಜಿ ಮೇಲಿನ ಹೊದಿಕೆ ಸವೆದಿತ್ತು. ಒಳಗಿನ ತಂತಿ ತಾಗಿದರೆ ಇಡೀ ದೋಣಿಗೆ ಕರೆಂಟು ಬರುತ್ತದೆ, ಅಲ್ವಾ? ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಂಡಿದ್ದೆ. ಸಾಲದು. ಈ ವೈರು ಮೀಟರಿಗಿಂತ ಮೊದಲಿನದು, ಮನೆಯ ಸ್ವಿಚ್ಚು ಇಳಿಸಿದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ.

ಹಾಗಾಗಿ ಏಣಿ ಹಾಕಲಿಲ್ಲ, ಕೋಲಿನಿಂದ ಸರಿಸಲೂ ಹೋಗಲಿಲ್ಲ. ವಿದ್ಯುತ್ ಕಚೇರಿಗೆ ತಿಳಿಸಿದೆ. ಲೈನ್‌ಮನ್ ಬಂದು ಕಂಬದಲ್ಲೇ ಸಂಪರ್ಕ ಬಿಡಿಸಿ ಸವೆದ ವೈರು ಬದಲಾಯಿಸಿದರು, ಗೋಡೆಯ ಕೊಕ್ಕೆಯ ಬದಲು ಎತ್ತರದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ನಿಲ್ಲಿಸಿ ವೈರು ಸೂರಿನಿಂದ ಸಾಕಷ್ಟು ಮೇಲೆ ಹಾದುಬರುವಂತೆ ಮಾಡಿದರು. ಪೈಪಿನ ಬಾಯಿ ಕೆಳಮುಖ. ವೈರು ಒಳಹೋಗುವ ಮೊದಲು ಸ್ವಲ್ಪ ಜೋಲುವಂತೆ ಬಿಟ್ಟಿದ್ದಾರೆ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಮೀಟರಿನ ಕಡೆ ಹರಿಯುವುದಿಲ್ಲ. ಈ ಚಿಕ್ಕ ಕೆಲಸ ನನಗೆ ತುಂಬಾ ಹಿಡಿಸಿತು.

ಟೇಪು ಸುತ್ತಿ ಸುಮ್ನೆ ಬಿಡಿ ಅಂದವರೂ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಉಜ್ಜುವುದು ನಿಲ್ಲದಿದ್ದರೆ ಟೇಪು ಜಾಸ್ತಿ ದಿನ ಬಾಳುವುದಿಲ್ಲ.