ಸೂಶಾ ದ್ವೀಪದಲ್ಲಿ ಲಂಗರು ಹಾಕಿ ತಂಗುವ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಿಂದ ಸೂಶಾ ದ್ವೀಪಕ್ಕೆ ಸುಮಾರು 20 ನಾಟಿಕಲ್ ಮೈಲಿ. ನಮ್ಮದು 30 ಅಡಿಯ ಕ್ಯಾಟಲಿನಾ ಹಾಯಿದೋಣಿ. 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ವೇಗ ಸಿಕ್ಕರೆ ನಾಲ್ಕು ಗಂಟೆಯ ದಾರಿ. ದ್ವೀಪ ಪೂರ್ತಿ ಸ್ಟೇಟ್ ಪಾರ್ಕ್. ಅಂಗಡಿ ಇಲ್ಲ, ಫೆರ್ರಿ ಇಲ್ಲ. ಬೇಸಿಗೆ ಬಂತೆಂದರೆ ನಾನು ಮತ್ತು ಇವರು ಅಲ್ಲಿಗೇ ಹೊರಡುತ್ತೇವೆ.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಗಾಳಿ ಹೇಳುತ್ತದೆ. ದ್ವೀಪದ ಕೊಲ್ಲಿಗಳಲ್ಲಿ ಎಕೋ ಬೇ ದೊಡ್ಡದು, ಬೆಳಗ್ಗೆ ಎದ್ದರೆ ಎದುರಿಗೆ ಮೌಂಟ್ ಬೇಕರ್‌ನ ಹಿಮ. ಆದರೆ ಅದು ಆಗ್ನೇಯಕ್ಕೆ ಬಾಯಿ ತೆರೆದಿದೆ. ಆ ಕಡೆಯಿಂದ ಗಾಳಿ ಬಂದರೆ ರಾತ್ರಿಯಿಡೀ ಹೊಯ್ದಾಟ. ಶ್ಯಾಲೋ ಬೇ ಪಶ್ಚಿಮಕ್ಕೆ ತೆರೆದಿದೆ. ನಾವು ವಿಎಚ್‌ಎಫ್ ರೇಡಿಯೊದಲ್ಲಿ ಹವಾಮಾನ ಕೇಳಿಯೇ ತೀರ್ಮಾನ ಮಾಡುವುದು. ನನ್ನನ್ನು ಕೇಳಿದರೆ ಶ್ಯಾಲೋ ಬೇಯೇ ಚೆಂದ. ಒಳಗೆ ಹೋಗುವಾಗ ಮಾತ್ರ ಎರಡು ಗುರುತು ಕಂಬಗಳ ಮಧ್ಯೆಯೇ ಹೋಗಬೇಕು. ಅತ್ತಿತ್ತ ಬಂಡೆಗಳಿವೆ.

ದೋಣಿ ಕಟ್ಟಿಕೊಳ್ಳಲು ಪಾರ್ಕಿನ ಬೋಯ್‌ಗಳು, ಅಂದರೆ ತಳಕ್ಕೆ ಬಿಗಿದ ತೇಲುಬುರುಡೆಗಳು ಇವೆ. ಜುಲೈ-ಆಗಸ್ಟ್‌ನಲ್ಲಿ ಬಹುಪಾಲು ಭರ್ತಿ. ಆಗ ಲಂಗರೇ ಗತಿ. ಇಲ್ಲಿ ಲೆಕ್ಕ ಸರಿಯಿರಬೇಕು. ನಾನು ಕುಂದಾಪುರದ ಕಡೆಯವಳು, ಉಬ್ಬರ-ಇಳಿತ ನೋಡಿಯೇ ಬೆಳೆದದ್ದು. ಆದರೆ ನಮ್ಮ ಕರಾವಳಿಗಿಂತ ಇಲ್ಲಿ ನೀರಿನ ಏರಿಳಿತ ತುಂಬಾ ಜಾಸ್ತಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರಂತೆ ಇನ್ನೊಂದಿಲ್ಲ. ಟೈಡ್ ಟೇಬಲ್ ನೋಡದೆ ಸರಪಳಿ ಬಿಡುವಂತಿಲ್ಲ.

ಆಳ ಅಳೆಯುವ ಸೌಂಡರ್ 10 ಅಡಿ ನೀರು ತೋರಿಸಿತು ಅನ್ನಿ. ಇನ್ನು 8 ಅಡಿ ಏರುವುದಿದೆ. ದೋಣಿಯ ಮೂತಿ ನೀರಿನಿಂದ 4 ಅಡಿ ಮೇಲಿದೆ. ಒಟ್ಟು 22 ಅಡಿ. ಅದರ ಐದು ಪಟ್ಟು, ಅಂದರೆ 110 ಅಡಿ ಸರಪಳಿ-ಹಗ್ಗ ಬಿಡುತ್ತೇವೆ. ಇದರ ಉಲ್ಟಾ ಲೆಕ್ಕವೂ ಅಷ್ಟೇ ಮುಖ್ಯ. ಉಬ್ಬರದಲ್ಲಿ 15 ಅಡಿ ಇದ್ದ ಜಾಗದಲ್ಲಿ 9 ಅಡಿ ಇಳಿದರೆ ಉಳಿಯುವುದು 6. ನಮ್ಮ ದೋಣಿಗೆ 5 ಅಡಿ 3 ಇಂಚು ನೀರು ಬೇಕು. ಮಧ್ಯೆ ಉಳಿಯುವುದು ಬರೀ 9 ಇಂಚು. ಅಂಥ ಕಡೆ ನಾವು ನಿಲ್ಲುವುದೇ ಇಲ್ಲ. ನೀರುಹುಲ್ಲು ಬೆಳೆದ ಕಡೆಯೂ ಇಲ್ಲ. ಸಾಲ್ಮನ್ ಮರಿಗಳಿಗೂ ಏಡಿ ಮರಿಗಳಿಗೂ ಅದೇ ಆಸರೆ. ಲಂಗರು ಅದನ್ನು ಬುಡಸಮೇತ ಕಿತ್ತುಹಾಕುತ್ತದೆ.

ಚುಕ್ಕಾಣಿ ನನ್ನದು, ಲಂಗರು ಇವರದು. ಸರಪಳಿ ಎಳೆಯಲು ತೋಳಿನ ಬಲ ಬೇಕು, ಚುಕ್ಕಾಣಿಗೆ ಬೇಡ. ಎಂಜಿನ್ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಸುಮ್ನೆ ಜಗಳ. ಅದಕ್ಕೆ ಕೈಸನ್ನೆಗಳನ್ನು ಮನೆಯಲ್ಲೇ ಗೊತ್ತುಮಾಡಿಕೊಂಡಿದ್ದೇವೆ. ಬೆರಳು ತೋರಿದ ದಿಕ್ಕಿಗೆ ತಿರುಗಿಸು, ಮುಷ್ಟಿ ಹಿಡಿದರೆ ನ್ಯೂಟ್ರಲ್, ಅಂಗೈ ಹಿಂದಕ್ಕೆ ಆಡಿಸಿದರೆ ರಿವರ್ಸ್. ಗಾಳಿಗೆ ಎದುರಾಗಿ ನಿಧಾನ ಬಂದು, ದೋಣಿ ನಿಂತ ಮೇಲೆ ಲಂಗರು ಇಳಿಯುತ್ತದೆ. ಹಿಂದೆ ಸರಿಯುತ್ತಾ ಸರಪಳಿ ಬಿಡುತ್ತಾರೆ, ರಾಶಿ ಸುರಿಯುವುದಿಲ್ಲ. ಕೊನೆಗೆ ರಿವರ್ಸ್‌ನಲ್ಲಿ ಎಂಜಿನ್ ಜೋರು ಮಾಡುತ್ತೇನೆ. ದಡದ ಒಂದು ಮರ, ಅದರ ಹಿಂದಿನ ಬಂಡೆ ಒಂದೇ ಸಾಲಿನಲ್ಲಿ ಉಳಿದರೆ ಲಂಗರು ಕಚ್ಚಿದೆ ಎಂದು ಅರ್ಥ. ಸಾಲು ತಪ್ಪಿದರೆ ಎತ್ತಿ ಮತ್ತೆ ಹಾಕುತ್ತೇವೆ, ಬೇಸರವಿಲ್ಲದೆ. ಆಮೇಲೇ ಎಂಜಿನ್ ಆಫ್. ಫೋನಿನಲ್ಲಿ, ಲಂಗರು ಜಾರಿದರೆ ಕೂಗುವ ಅಲಾರಂ ಇಟ್ಟರೆ ನಿದ್ದೆ ಬರುತ್ತದೆ.

ಅಡುಗೆ ಸಲೀಸು. ಪ್ರೆಶರ್ ಕುಕ್ಕರ್ ಇದ್ದರೆ ಗ್ಯಾಸ್ ಉಳಿಯುತ್ತದೆ, ದೋಣಿ ಓಲಾಡಿದರೂ ಬಿಸಿನೀರು ಚೆಲ್ಲುವುದಿಲ್ಲ. ಹಂಗಾಮಿನಲ್ಲಿ, ಲೈಸೆನ್ಸ್ ಇಟ್ಟುಕೊಂಡು, ಡಂಜನೆಸ್ ಏಡಿಗೆ ಬೋನು ಇಳಿಸುತ್ತೇವೆ. ಚಿಪ್ಪು ಕನಿಷ್ಠ ಆರೂಕಾಲು ಇಂಚು ಅಗಲವಿರುವ ಗಂಡು ಏಡಿ ಮಾತ್ರ ಇಟ್ಟುಕೊಳ್ಳಬಹುದು, ಉಳಿದದ್ದೆಲ್ಲ ವಾಪಸ್ ನೀರಿಗೆ. ಊರಿನ ಮಸಾಲೆ ಪುಡಿ, ತೆಂಗಿನಕಾಯಿ ತುರಿ ಹಾಕಿ ಸುಕ್ಕ ಮಾಡಿದರೆ ಇಲ್ಲಿನ ಏಡಿ ನಮ್ಮ ಕಡೆಯದಕ್ಕೆ ಏನೂ ಕಮ್ಮಿಯಿಲ್ಲ. ಕಸ ವಾಪಸ್ ತರಬೇಕು. ಟಾಯ್ಲೆಟ್ ಟ್ಯಾಂಕನ್ನು ನೀರಿಗೆ ಬಿಡುವಂತಿಲ್ಲ, 2018ರಿಂದ ಪ್ಯೂಜೆಟ್ ಸೌಂಡ್‌ನಲ್ಲಿ, ಈ ದ್ವೀಪದ ಸುತ್ತಲಿನ ನೀರೂ ಸೇರಿ, ಅದು ನಿಷೇಧ. ಒಳ್ಳೆಯ ಕಾನೂನು. ಹೊರಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿಸಿಕೊಳ್ಳಿ.

ವಾಪಸ್ ಬರುವಾಗ ಲಮ್ಮಿ ದ್ವೀಪದವರೆಗಿನ ಬಯಲು ನೀರಿನ ಮೇಲೆ ಕಣ್ಣಿಡಬೇಕು. ಇಳಿತದ ಸೆಳೆತ ದಕ್ಷಿಣಕ್ಕೆ ಓಡುತ್ತದೆ. ಅದೇ ಹೊತ್ತಿಗೆ ಅದಕ್ಕೆ ಎದುರಾಗಿ ದಕ್ಷಿಣದಿಂದ ಗಾಳಿ ಎದ್ದರೆ ಅಲೆ ಗಿಡ್ಡ, ಆದರೆ ಕಡಿದು. ಅಂಥ ದಿನ ನಾವು ಹೊರಡುವುದಿಲ್ಲ. ಅದಕ್ಕೆಂದೇ ಒಂದು ದಿನದ ಅಕ್ಕಿ, ಬೇಳೆ, ನೀರು ಹೆಚ್ಚಿಗೆ ಇಟ್ಟುಕೊಂಡಿರುತ್ತೇವೆ.