ಸ್ಮರಣಾರ್ಥ ಅಂಚೆ ಚೀಟಿ: ಕೂಡಿಡುವುದು ಹೇಗೆ, ಅದರ ಹಿಂದಿನ ಕಥೆ ಹುಡುಕುವುದು ಹೇಗೆ

ಯಾವುದೋ ಒಂದು ಘಟನೆ, ವ್ಯಕ್ತಿ ಅಥವಾ ವಾರ್ಷಿಕೋತ್ಸವದ ನೆನಪಿಗಾಗಿ ಹೊರಡಿಸುವ ಚೀಟಿಯೇ ಸ್ಮರಣಾರ್ಥ ಅಂಚೆ ಚೀಟಿ. ದಿನನಿತ್ಯದ ಸಾಮಾನ್ಯ ಚೀಟಿಯನ್ನು ಖಾಲಿಯಾದ ಹಾಗೆಲ್ಲ ಮತ್ತೆ ಮತ್ತೆ ಮುದ್ರಿಸುತ್ತಾರೆ. ಇದು ಹಾಗಲ್ಲ, ಮುಗಿದರೆ ಮುಗಿಯಿತು. ಸಾಮಾನ್ಯವಾಗಿ ಗಾತ್ರ ಸ್ವಲ್ಪ ದೊಡ್ಡದು, ಚಿತ್ರ ಚೆಂದ, ಹೆಚ್ಚಿನವುಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇಸವಿ ಇರುತ್ತದೆ. ಮೊದಲು ಆ ಇಸವಿ ನೋಡಿ, ಯಾಕಂದರೆ "ಇದೇ ವರ್ಷ ಯಾಕೆ?" ಅನ್ನುವ ಒಂದು ಪ್ರಶ್ನೆಯಿಂದಲೇ ಅರ್ಧ ಇತಿಹಾಸ ಹೊರಗೆ ಬರುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸಿಕ್ಕಿದ್ದನ್ನೆಲ್ಲ ತುಂಬಿ ಸಾವಿರ ಚೀಟಿ ಮಾಡುವುದಕ್ಕಿಂತ, ಒಂದು ವಿಷಯ ಹಿಡಿದು ಇಪ್ಪತ್ತು ಚೀಟಿ ಇಟ್ಟುಕೊಂಡು, ಇಪ್ಪತ್ತರ ಕಥೆಯನ್ನೂ ಹೇಳಬಲ್ಲವರಾಗುವುದು ಎಷ್ಟೋ ಮೇಲು. ವಿಷಯ ಚಿಕ್ಕದಿರಲಿ. "ರೈಲು" ಅನ್ನುವುದು ತುಂಬಾ ದೊಡ್ಡದು, "ರೈಲು ಮಾರ್ಗ ಶುರುವಾದ ವಾರ್ಷಿಕೋತ್ಸವಗಳು" ಅಂದರೆ ಹಿಡಿತಕ್ಕೆ ಸಿಗುತ್ತದೆ. ಅಂದ ಹಾಗೆ, ಜಗತ್ತಿನ ಮೊದಲ ಸ್ಮರಣಾರ್ಥ ಚೀಟಿ ಅಂತ ಹಲವರು ಹೇಳುವುದು ರೈಲಿನದ್ದನ್ನೇ: ಲಿಮಾ ಮತ್ತು ಕಯಾವೊ ನಡುವಿನ ರೈಲು ಮಾರ್ಗದ 20ನೇ ವರ್ಷಕ್ಕೆ ಪೆರು ದೇಶ 1871ರಲ್ಲಿ ತಂದ ಚೀಟಿ. ಜಗತ್ತಿನ ಮೊದಲ ಅಂಚೆ ಚೀಟಿ ಪೆನ್ನಿ ಬ್ಲ್ಯಾಕ್ ಬ್ರಿಟನ್ನಿನಲ್ಲಿ ಬಂದದ್ದು 1840ರಲ್ಲಿ. ಅಂದರೆ ಅಂಚೆ ಚೀಟಿ ಹುಟ್ಟಿ ಮೂವತ್ತು ವರ್ಷ ಆಗುವವರೆಗೆ ಅದನ್ನು ನೆನಪಿಗೆ ಬಳಸಬಹುದು ಅಂತ ಹೆಚ್ಚಾಗಿ ಯಾರಿಗೂ ಹೊಳೆದಿರಲಿಲ್ಲ.

ಇನ್ನು ಚೀಟಿಯನ್ನು ಓದುವುದು. ಇದಕ್ಕೆ ಒಂದು ಒಳ್ಳೆಯ ಮಸೂರ ಸಾಕು. ಮುಖ್ಯ ಚಿತ್ರ ಬಿಟ್ಟು ಹಿನ್ನೆಲೆ ನೋಡಿ, ಅಂಚಿನಲ್ಲಿರುವ ಸಣ್ಣ ಅಕ್ಷರ ನೋಡಿ. ಸಂಗೀತಗಾರ ಶೂಮನ್ ತೀರಿಕೊಂಡು ನೂರು ವರ್ಷ ಆಯಿತು ಅಂತ 1956ರಲ್ಲಿ ಪೂರ್ವ ಜರ್ಮನಿ ಎರಡು ಚೀಟಿ ತಂದಿತು. ಶೂಮನ್ ಮುಖ, ಹಿಂದೆ ಒಂದು ಸ್ವರಲಿಪಿ. ಆದರೆ ಆ ಸ್ವರಲಿಪಿ ಶೂಮನ್‌ದಲ್ಲ, ಇನ್ನೊಬ್ಬ ಸಂಗೀತಗಾರ ಶೂಬರ್ಟ್‌ದು! ಗೊತ್ತಾದ ಮೇಲೆ ಅದೇ ವರ್ಷ ಸರಿಯಾದ ಸ್ವರಲಿಪಿ ಹಾಕಿ ಇನ್ನೆರಡು ಚೀಟಿ ತಂದರು. ಮೇಲುನೋಟಕ್ಕೆ ಎರಡೂ ಜೋಡಿ ಒಂದೇ ಥರ ಕಾಣುತ್ತವೆ. ಪಕ್ಕಪಕ್ಕ ಇಟ್ಟು, ಮುಖದ ಹಿಂದೆ ಹಾಯುವ ಸ್ವರಗಳ ಸಾಲನ್ನೇ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇಂಥ ಜೋಡಿ ಸಿಕ್ಕರೆ ಎರಡನ್ನೂ ಇಟ್ಟುಕೊಳ್ಳಿ, ಒಂದೇ ಇದ್ದರೆ ಕಥೆ ಅರ್ಧ ಮಾತ್ರ.

ಅಮೆರಿಕದ 1893ರ ಕೊಲಂಬಸ್ ಸರಣಿಯೂ ಹೀಗೆಯೇ. ಕೊಲಂಬಸ್ ಯಾನಕ್ಕೆ 400 ವರ್ಷ ಆಯಿತು ಅಂತ ಷಿಕಾಗೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು, ಅದಕ್ಕಾಗಿ ಒಂದು ಸೆಂಟ್‌ನಿಂದ ಐದು ಡಾಲರ್‌ವರೆಗೆ 16 ಚೀಟಿ ಬಂದವು. ಒಂದು ಸೆಂಟ್ ಚೀಟಿಯಲ್ಲಿ ಕೊಲಂಬಸ್‌ಗೆ ದೂರದಲ್ಲಿ ನೆಲ ಕಾಣಿಸುತ್ತಿದೆ, ಮುಖದಲ್ಲಿ ಗಡ್ಡ ಇಲ್ಲ. ಎರಡು ಸೆಂಟ್ ಚೀಟಿಯಲ್ಲಿ ಆತ ದಡಕ್ಕೆ ಇಳಿದಿದ್ದಾನೆ, ಗಡ್ಡ ಬಂದುಬಿಟ್ಟಿದೆ! ಎರಡೂ ಬೇರೆ ಬೇರೆ ಕಲಾವಿದರ ಚಿತ್ರಗಳಿಂದ ಎತ್ತಿಕೊಂಡವು, ಅದೇ ಕಾರಣ. ಇಲ್ಲಿ ತಪ್ಪು ಹಿಡಿಯುವುದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು: ಕೊಲಂಬಸ್ ನಿಜವಾಗಿ ಹೇಗಿದ್ದ ಅಂತ ಯಾರಿಗೂ ಗೊತ್ತಿರಲಿಲ್ಲ, ಚೀಟಿಯಲ್ಲಿರುವುದು ಅವನಿಗಿಂತ ಜಾಸ್ತಿ ಆ ಕಾಲದ ಅಮೆರಿಕದ ಕಲ್ಪನೆ. ಯಾವ ಚೀಟಿ ಕೈಗೆ ಬಂದರೂ ಇದು ಆ ಘಟನೆಯ ಬಗ್ಗೆ ಎಷ್ಟು ಹೇಳುತ್ತದೆ, ಹೊರಡಿಸಿದವರ ಬಗ್ಗೆ ಎಷ್ಟು ಹೇಳುತ್ತದೆ ಅಂತ ಬೇರೆ ಬೇರೆ ಕೇಳಿಕೊಳ್ಳಿ. ಯಾರನ್ನು ಬಿಟ್ಟಿದ್ದಾರೆ ಅಂತಲೂ ನೋಡಿ.

ಗಾಂಧೀಜಿ ಚೀಟಿಗಳನ್ನೇ ತೆಗೆದುಕೊಳ್ಳಿ. 1948ರ ಆಗಸ್ಟ್ 15ರಂದು ಭಾರತ ನಾಲ್ಕು ಚೀಟಿ ತಂದಿತು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಅವುಗಳ ಮೇಲೆ 'ಬಾಪು' ಅನ್ನುವ ಪದ ಹಿಂದಿಯಲ್ಲೂ ಇದೆ, ಉರ್ದುವಿನಲ್ಲೂ ಇದೆ. ದೇಶ ಇಬ್ಭಾಗವಾದ ಮರುವರ್ಷ ಈ ಎರಡು ಲಿಪಿ ಒಂದೇ ಚೀಟಿಯಲ್ಲಿ ಬಂದದ್ದು ಸಣ್ಣ ಮಾತಲ್ಲ. ಮುದ್ರಣ ಆದದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ. ಸ್ವದೇಶಿಗಾಗಿ ಬದುಕಿದವರ ಚೀಟಿ ಹೊರದೇಶದಲ್ಲಿ ಅಚ್ಚಾಯಿತು ಅಂದಾಗ, ಆಗಿನ ಮುದ್ರಣ ವ್ಯವಸ್ಥೆ ಹೇಗಿತ್ತು ಅಂತ ಹುಡುಕುವ ಆಸೆ ತಾನಾಗಿ ಹುಟ್ಟುತ್ತದೆ, ಅಲ್ವಾ? ಮುಂದೆ 1969ರ ಜನ್ಮಶತಮಾನೋತ್ಸವಕ್ಕೆ ಬ್ರಿಟನ್ ಸೇರಿ ಎಷ್ಟೋ ದೇಶಗಳು ಗಾಂಧಿ ಚೀಟಿ ತಂದವು. ಹೀಗೆ ಒಂದೇ ವ್ಯಕ್ತಿ ಅಥವಾ ಒಂದೇ ಘಟನೆಯನ್ನು ಬೇರೆ ಬೇರೆ ದೇಶ ಹೇಗೆ ತೋರಿಸಿತು ಅಂತ ಸಾಲಾಗಿ ಜೋಡಿಸುವುದು ಹೊಸಬರಿಗೆ ತುಂಬಾ ಒಳ್ಳೆಯ ದಾರಿ.

ಕಥೆ ಎಲ್ಲಿ ಸಿಗುತ್ತದೆ? ಚೀಟಿ ಬಿಡುಗಡೆಯಾದಾಗ ಅಂಚೆ ಇಲಾಖೆ ಹೊರತರುವ ಮಾಹಿತಿ ಪತ್ರ ಮೊದಲ ಆಧಾರ. ಆಮೇಲೆ ಮೊದಲ ದಿನದ ಲಕೋಟೆ (ಬಿಡುಗಡೆಯ ದಿನವೇ ಚೀಟಿ ಅಂಟಿಸಿ ಮುದ್ರೆ ಒತ್ತಿದ ಲಕೋಟೆ), ಅದರ ಮೇಲಿನ ವಿಶೇಷ ಮುದ್ರೆ. ಆ ವಾರದ ಹಳೆಯ ದಿನಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆಸಿ ನೋಡಿ, ಮಾಹಿತಿ ಪತ್ರದಲ್ಲಿ ಹೇಳದೇ ಬಿಟ್ಟದ್ದು ಅಲ್ಲಿ ಸಿಗಬಹುದು. ಚೀಟಿ ಗುರುತಿಸಲು ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಷೆಲ್ ಕ್ಯಾಟಲಾಗ್‌ಗಳಿವೆ. ಒಂದರ ನಂಬರ್ ಇನ್ನೊಂದರಲ್ಲಿ ಇರುವುದಿಲ್ಲ, ಹಾಗಾಗಿ ನಂಬರ್ ಬರೆಯುವಾಗ ಕ್ಯಾಟಲಾಗ್ ಹೆಸರೂ ಬರೆಯಿರಿ. ಅಂಚಿನ ಹಲ್ಲುಗಳ ಲೆಕ್ಕವೂ ಅದರಲ್ಲಿರುತ್ತದೆ: ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತವೆಯೋ ಅದೇ ಅಳತೆ. ಚಿತ್ರ ಒಂದೇ ಇದ್ದರೂ ಈ ಅಳತೆ ಬೇರೆ ಇದ್ದರೆ ಅದು ಬೇರೆ ಮುದ್ರಣ ಆಗಿರಬಹುದು.

ಹೊಸ ಚೀಟಿ ಒಳ್ಳೆಯದೋ ಬಳಸಿದ್ದೋ ಅಂತ ಕೇಳಿದರೆ, ಇತಿಹಾಸದ ಆಸಕ್ತಿ ಇರುವವರಿಗೆ ನಾನು ಬಳಸಿದ್ದನ್ನೇ ಹೇಳುತ್ತೇನೆ. ಊರು, ತಾರೀಕು ಸ್ಪಷ್ಟವಾಗಿ ಬಿದ್ದ ಮುದ್ರೆ ಇದ್ದರೆ ಆ ಚೀಟಿ ಎಲ್ಲಿತ್ತು, ಯಾವಾಗ ಇತ್ತು ಅನ್ನುವುದಕ್ಕೆ ಸಾಕ್ಷಿ. ಅಂಥದ್ದು ಸಿಕ್ಕರೆ ಚೀಟಿ ಬಿಡಿಸಲೇಬೇಡಿ, ಪೂರ್ತಿ ಲಕೋಟೆಯನ್ನೇ ಇಟ್ಟುಕೊಳ್ಳಿ. ಆದರೆ ಮುದ್ರೆ ಮೂಲೆಯಲ್ಲಿ ನೀಟಾಗಿ ಬಿದ್ದಿದ್ದು ಹಿಂದೆ ಅಂಟು ಹಾಗೇ ಇದ್ದರೆ, ಅದು ಅಂಚೆಯಲ್ಲಿ ಹೋಗಿಯೇ ಇಲ್ಲ, ಸಂಗ್ರಹಕಾರರಿಗೆ ಮಾರಲೆಂದೇ ಮುದ್ರೆ ಒತ್ತಿದ್ದು ಅಂತ ತಿಳಿಯಿರಿ. ಇನ್ನು, ಯಾವುದೋ ದೇಶದ ಹೆಸರು ಹಾಕಿ, ಆ ದೇಶಕ್ಕೇ ಗೊತ್ತಿಲ್ಲದೆ ಅಚ್ಚು ಹಾಕಿದ ಚೀಟಿಗಳೂ ಇವೆ. 2002ರ ನಂತರದ ಚೀಟಿಗಳ ಬಗ್ಗೆ ಅನುಮಾನ ಬಂದರೆ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯಾದ ಯೂನಿವರ್ಸಲ್ ಪೋಸ್ಟಲ್ ಯೂನಿಯನ್ ನಡೆಸುವ ಡಬ್ಲ್ಯೂಎನ್‌ಎಸ್ ಪಟ್ಟಿಯಲ್ಲಿ, ಅಂದರೆ ದೇಶಗಳು ಅಧಿಕೃತವಾಗಿ ಹೊರಡಿಸಿದ ಚೀಟಿಗಳ ಪಟ್ಟಿಯಲ್ಲಿ ಹುಡುಕಿ. ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲ ಅನ್ನುವುದು ನೆನಪಿರಲಿ.

ಲಕೋಟೆಯಿಂದ ಬಿಡಿಸುವಾಗ ಎಳೆಯಬೇಡಿ. ಚೀಟಿಯ ಸುತ್ತ ಸ್ವಲ್ಪ ಕಾಗದ ಬಿಟ್ಟು ಕತ್ತರಿಸಿ, ಉಗುರುಬೆಚ್ಚಗಿನ ನೀರಿನ ಮೇಲೆ ಚಿತ್ರ ಮೇಲೆ ಬರುವ ಹಾಗೆ ತೇಲಿಬಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅಂಟು ಕರಗಿ ಚೀಟಿ ತಾನಾಗಿಯೇ ಜಾರಿಕೊಳ್ಳುತ್ತದೆ. ಹಿಂದೆ ಉಳಿದ ಅಂಟು ತೊಳೆದು, ಶಾಯಿ ಹೀರುವ ಕಾಗದಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಕೆಂಪು ಅಥವಾ ಗಾಢ ಬಣ್ಣದ ಲಕೋಟೆಯ ತುಂಡನ್ನು ಬೇರೆಯವುಗಳ ಜೊತೆ ನೆನೆಸಬೇಡಿ, ಬಣ್ಣ ಬಿಟ್ಟು ಎಲ್ಲವೂ ಹಾಳಾಗುತ್ತವೆ. ಈಚಿನ ಸ್ಟಿಕ್ಕರ್ ಥರದ ಚೀಟಿಗಳಲ್ಲಿ ಎಷ್ಟೋ ನೀರಿಗೆ ಬಿಡುವುದಿಲ್ಲ, ಅವನ್ನು ಕಾಗದದ ಸಮೇತವೇ ಇಡಿ.

ಬೆರಳಲ್ಲಿ ಮುಟ್ಟಬೇಡಿ, ತುದಿ ಚಪ್ಪಟೆಯಾದ ಚಿಮಟ ಬಳಸಿ. ಸೆಲ್ಲೋಟೇಪ್ ಬೇಡ, ಪಿವಿಸಿ ಕವರ್ ಬೇಡ, ಬಿಸಿಲು ಬೇಡ. ತೇವಕ್ಕೆ ಬೂಷ್ಟು ಬರುತ್ತದೆ, ಹೊಸ ಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಲ್ಬಮ್ ನಿಲ್ಲಿಸಿಡಿ, ಆಗಾಗ ತೆರೆದು ಗಾಳಿಯಾಡಿಸಿ.

ಕೊನೆಯ ಕೆಲಸ ಟಿಪ್ಪಣಿ, ಇದನ್ನು ಮಾತ್ರ ಮುಂದೆ ಹಾಕಬೇಡಿ. ಬಿಡುಗಡೆಯ ತಾರೀಕು, ಯಾವ ಘಟನೆ, ಮುದ್ರಿಸಿದ್ದು ಎಲ್ಲಿ, ಚಿತ್ರ ಯಾವುದರಿಂದ ಎತ್ತಿದ್ದು, ನಿಮಗೆ ಈ ಚೀಟಿ ಎಲ್ಲಿ ಸಿಕ್ಕಿತು, ಇನ್ನೂ ಉತ್ತರ ಸಿಗದ ಪ್ರಶ್ನೆ ಯಾವುದು, ಇಷ್ಟನ್ನು ಸುಮ್ನೆ ನಾಲ್ಕು ಸಾಲಲ್ಲಿ ಬರೆದರೂ ಸಾಕು. ಪೆನ್ಸಿಲಿನಲ್ಲೇ ಬರೆಯಿರಿ, ಹೊಸ ವಿಷಯ ಸಿಕ್ಕಾಗ ತಿದ್ದಬೇಕಾಗುತ್ತದೆ. ಬರೆಯುವ ಮುಂಚೆ ಚೀಟಿಯನ್ನು ಹಾಳೆಯಿಂದ ತೆಗೆದು ಪಕ್ಕಕ್ಕಿಡಿ, ಇಲ್ಲದಿದ್ದರೆ ಕೈಯ ಬೆವರು ತಾಗುತ್ತದೆ, ಪೆನ್ಸಿಲ್ ಒತ್ತಿದ ಗುರುತೂ ಅದರ ಮೇಲೆ ಮೂಡುತ್ತದೆ.